ಮೂರು ಸೀಟಿನ ಸಾಲು

ಯಲಹಂಕ
೧೨ ಜನವರಿ ೨೦೨೫

ಚಿ. ಸೌ. ಮಂಜುಶ್ರೀಗೆ ಅಪ್ಪನ ಆಶೀರ್ವಾದಗಳು.

ಮಕ್ಕಳ ವೀಸಾ ಬಂತು ಎಂದು ನೀನು ಹೇಳಿದ ದಿನ ನಿಮ್ಮಮ್ಮ ಗಸಗಸೆ ಪಾಯಸ ಮಾಡಿದಳು. ಡ್ರೈವರ್‌ಗಳಿಗೆಲ್ಲ ಲೋಟ ತುಂಬಾ ಕೊಟ್ಟಳು. ತಾನು ಮಾತ್ರ ಕುಡಿಯಲಿಲ್ಲ, ಸಕ್ಕರೆ ಜಾಸ್ತಿ ಆಯಿತಂತೆ.

ಇನ್ನು ಮುಂದೆ ಟಿಕೆಟ್ಟಿನ ಮಾತು ಫೋನಿನಲ್ಲಿ ಬೇಡ. ನಿನ್ನ ಡ್ಯೂಟಿ ಮುಗಿಯುವ ಹೊತ್ತಿಗೆ ಇಲ್ಲಿ ಅಭಿರಾಮನನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವ ಗಲಾಟೆ. ಸಿಗುವ ಆ ಹತ್ತು ನಿಮಿಷ ನಾವಿಬ್ಬರೂ ಸೀಟು, ಲಗೇಜು ಎಂದು ಕಿತ್ತಾಡಿದರೆ ಮಗು ವಿಡಿಯೊದಲ್ಲಿ ನಿನ್ನ ಹಣೆಯನ್ನಷ್ಟೇ ನೋಡಿಕೊಂಡು ಸ್ಕೂಲಿಗೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಟ್ರಾವೆಲ್ಸ್ ಲೆಟರ್‌ಹೆಡ್ಡಿನಲ್ಲಿ ಬರೆದು ಫೋಟೊ ತೆಗೆದು ಕಳಿಸುತ್ತೇನೆ. ನೀನೂ ಹಾಗೇ ಮಾಡು. ಬಾಯಲ್ಲಿ ಆದ ಬಾಡಿಗೆ ಮಾತು ಬೆಳಿಗ್ಗೆ ಬದಲಾಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಾನು ತಿಳಿದುಕೊಂಡಿದ್ದು ಸರಿಯೇ ಎಂದು ನೋಡು. ಯಶವಂತ್ ಹೋದ ತಿಂಗಳಷ್ಟೇ ಅಲ್ಲಿಗೆ ಬಂದು ಬಸ್ ಕಂಪನಿ ಸೇರಿದ್ದಾರೆ. ಟ್ರೇನಿಂಗ್ ಮುಗಿಯುವತನಕ ಅಳಿಯಂದಿರಿಗೆ ರಜೆ ಇಲ್ಲ. ಆಸ್ಪತ್ರೆಯವರು ನಿನಗೆ ಏಪ್ರಿಲ್‌ನಲ್ಲಿ ಒಂದು ವಾರ ಕೊಡುತ್ತಾರೆ. ವೀಸಾ ಪ್ರಕಾರ ಮಕ್ಕಳು ಏಪ್ರಿಲ್ ಮುಗಿಯುವುದರೊಳಗೆ ಅಲ್ಲಿ ಕಾಲಿಡಬೇಕು. ಹಾಗಾಗಿ ನೀನು ಬಂದು, ಇಲ್ಲಿ ಮೂರು ದಿನ ಇದ್ದು, ಇಬ್ಬರನ್ನೂ ಒಬ್ಬಳೇ ಕರೆದುಕೊಂಡು ಹೋಗುವುದು. ಒಬ್ಬ ಹೆಂಗಸು, ಐದು ವರ್ಷದ ಹುಡುಗ, ಎರಡು ತುಂಬಿದ ಹುಡುಗಿ. ಎರಡು ತುಂಬಿತು ಎಂದರೆ ತೊಡೆಯ ಮೇಲೆ ಬಿಟ್ಟಿ ಪ್ರಯಾಣ ಇಲ್ಲ, ಅವಳಿಗೂ ಪೂರ್ತಿ ಸೀಟು.

ಯಾವ ವಿಮಾನ ಎನ್ನುವುದನ್ನು ನನಗೆ ಬಿಡು. ಚಿಕ್ಕಬಾಣಾವರದಲ್ಲಿ ಲಾರಿ ಕ್ಲೀನರ್ ಆಗಿ ಶುರು ಮಾಡಿದವನು, ಇವತ್ತು ಆಫೀಸಿನ ಮುಂದೆ ಗಾಡಿ ನಿಲ್ಲಿಸಲು ಜಾಗ ಸಾಲದು. ಜನರನ್ನು ಕೂರಿಸಿ ಕಳಿಸುವುದೇ ನನ್ನ ಕಸುಬು. ವಿಮಾನ ಎಂದರೇನು, ರೆಕ್ಕೆ ಇರುವ ಟೆಂಪೊ ಟ್ರಾವೆಲರ್. ಕಂಪನಿಯವರ ಜಾಹೀರಾತನ್ನು ನಾನು ನಂಬುವುದಿಲ್ಲ, ನಾನೂ ಜಾಹೀರಾತು ಹಾಕುತ್ತೇನೆ. ನಮ್ಮ ಹುಡುಗರು ದಿನಾ ಏರ್‌ಪೋರ್ಟಿನಲ್ಲಿ ಹೆಸರಿನ ಬೋರ್ಡು ಹಿಡಿದು ನಿಂತಿರುತ್ತಾರಲ್ಲ, ಅವರಿಗೆ ಹೇಳಿದ್ದೇನೆ: ದೂರದಿಂದ ಬಂದ ಸಂಸಾರ ಕಂಡರೆ ಯಾವ ವಿಮಾನ ಎಂದು ಕೇಳಿ, ಮಕ್ಕಳ ಮುಖ ನೋಡಿಕೊಂಡು ಬನ್ನಿ.

ನಿನ್ನ
ಅಪ್ಪ (ಅನಂತರಾಜು)


ಹ್ಯಾಮಿಲ್ಟನ್, ನ್ಯೂಜಿಲೆಂಡ್
೧೯ ಜನವರಿ ೨೦೨೫

ಅಪ್ಪನಿಗೆ ಮಂಜುಶ್ರೀಯ ನಮಸ್ಕಾರಗಳು.

ನೀವು ತಿಳಿದುಕೊಂಡಿರುವುದು ಎಲ್ಲ ಸರಿ. ನಾನು ಇಲ್ಲಿ ಕಲೆಹಾಕಿದ್ದನ್ನೂ ಹೇಳುತ್ತೇನೆ.

ಇಲ್ಲಿಗೆ ನೇರ ವಿಮಾನ ಇಲ್ಲ. ಸಿಂಗಾಪುರದ ಮೇಲೆ ಬರಬಹುದು, ಕ್ವಾಲಾಲಂಪುರದ ಮೇಲೆ ಬರಬಹುದು, ಇಲ್ಲವೇ ಕೊಲ್ಲಿ ದೇಶಗಳ ಮೇಲೆ ಸುತ್ತಿಕೊಂಡು. ನಮ್ಮ ವಾರ್ಡಿನ ನರ್ಸುಗಳೆಲ್ಲ ಒಂದೇ ಮಾತು ಹೇಳುತ್ತಾರೆ, ಸೀಟಿನ ನಕ್ಷೆ ನೋಡದೆ ದುಡ್ಡು ಕಟ್ಟಬೇಡ ಎಂದು. ಕೆಲವು ವಿಮಾನದಲ್ಲಿ ಒಂದು ಸಾಲಿಗೆ ಮೂರು, ನಾಲ್ಕು, ಮೂರು. ಕೆಲವುಗಳಲ್ಲಿ ಎರಡು, ನಾಲ್ಕು, ಎರಡು. ನಾವು ಮೂವರು. ಮೂರು ಸೀಟಿನ ಸಾಲು ಸಿಕ್ಕಿದರೆ ಅದು ನಮ್ಮದೇ ಕೋಣೆ, ಯಾರನ್ನೂ ದಾಟಿಕೊಂಡು ಹೋಗಬೇಕಾಗಿಲ್ಲ, ಯಾರ ಮೇಲೂ ಹಾಲು ಚೆಲ್ಲುವ ಭಯವಿಲ್ಲ. ಮುಂದೆ ಗೋಡೆ ಇರುವ ಸಾಲು ವಿಶಾಲ ಅನ್ನಿಸುತ್ತದೆ, ಆದರೆ ಅಲ್ಲಿ ಕೈ ಇಡುವ ಪಟ್ಟಿಯನ್ನು ಮೇಲೆತ್ತಲು ಬರುವುದಿಲ್ಲ, ಊಟದ ಟೇಬಲ್ ಅದರೊಳಗೇ ಇರುತ್ತದೆ. ಮೇಲೆತ್ತದಿದ್ದರೆ ಶಿವಾನಿಯನ್ನು ಅಡ್ಡ ಮಲಗಿಸುವುದು ಹೇಗೆ?

ಅವಳು ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗುತ್ತಾಳೆ, ಕಾಲು ಅಣ್ಣನ ಕಡೆಗೆ. ನಾನು ಆಗಲೇ ಲೆಕ್ಕ ಹಾಕಿಬಿಟ್ಟಿದ್ದೇನೆ.

ನಿನ್ನೆ ಅವಳು ಫೋನಿಗೆ ಬರಲಿಲ್ಲ. ನಿದ್ದೆ ಎಂದಿರಿ. ಬೆಳಿಗ್ಗೆ ಎಂಟು ಗಂಟೆಗೆ ಅವಳು ಮಲಗುವುದು ಯಾವಾಗಿನಿಂದ?

ಮಂಜು


ಯಲಹಂಕ
೯ ಫೆಬ್ರವರಿ ೨೦೨೫

ಚಿ. ಸೌ. ಮಂಜುಶ್ರೀಗೆ ಆಶೀರ್ವಾದಗಳು.

ತೀರ್ಪು ಬಂದಿದೆ. ಕೂತು ಓದು.

ಹುಡುಗರು ಮೂರು ವಾರ ನೋಡಿದ್ದಾರೆ. ಎಲ್ಲರಿಗಿಂತ ಚೆನ್ನಾಗಿ ನೋಡಿದವನು ನಮ್ಮ ದೊಡ್ಡಮುನಿಯಪ್ಪ. ನಾನು ಮೊದಲ ಗಾಡಿ ತಗೊಂಡಾಗಿನಿಂದ ಸ್ಟೇರಿಂಗ್ ಹಿಡಿದಿದ್ದಾನೆ, ನಿನ್ನನ್ನು ಕಾಲೇಜಿಗೆ ಬಿಟ್ಟವನೂ ಅವನೇ. ದಿನಾ ಬಂದು ವರದಿ ಒಪ್ಪಿಸುತ್ತಿದ್ದ.

“ಅಣ್ಣಾ, ಸಿಂಗಾಪುರದ್ರಲ್ಲಿ ಬಂದೋವು ಕುಣ್ಕಂಡ್ ಬಂದ್ವು. ನನ್ ಕೈಲಿದ್ದ ಬೋರ್ಡೇ ಕಿತ್ಕಂಡ್ವು.”

“ಕ್ವಾಲಾಲಂಪುರದ್ದು?”

“ಅದ್ರಲ್ಲಿ ಮಗ ಸರಿಯಾಗೇ ಇತ್ತು. ಅವರಪ್ಪನೇ ಅಳೋ ಅಂಗಿದ್ದ.”

“ಕೊಲ್ಲಿ ಕಡೆಯದ್ದು?”

“ಅಣ್ಣಾ, ಅದ್ನ ಕೇಳ್ಬೇಕು ನೀವು. ಒಬ್ಬಮ್ಮ ಬಂದ್ಲು, ಟ್ರಾಲಿ ಮೇಲೆ ಸೂಟ್‌ಕೇಸು, ಸೂಟ್‌ಕೇಸ್ ಮೇಲೆ ಮಗ. ಎಬ್ಬಿಸ್ಬ್ಯಾಡಪ್ಪ ಅಂತ ನಂಗೆ ಕೈ ಮುಗುದ್ಲು. ಎಬ್ಬಾಳದವರ್ಗೂ ಆ ಮಗ ಕಣ್ಣು ಬಿಡ್ಲಿಲ್ಲ. ಇಂಗೆ ಮಲಗ್ಸೋ ಇಮಾನ ಇದ್ರೆ ನಮ್ ಮಂಜಕ್ಕಂಗೆ ಅದೇ ಸರಿ.”

ಒಬ್ಬರಲ್ಲ, ಆ ದಾರಿಯಲ್ಲಿ ಬಂದ ಮಕ್ಕಳು ಮುಕ್ಕಾಲು ಪಾಲು ನಿದ್ದೆಯಲ್ಲೇ ಹೊರಗೆ ಬಂದಿವೆ. ಸೀಟು ಮೆತ್ತಗಿದೆಯೋ, ಊಟ ಬಿಸಿ ಇದೆಯೋ, ಗಾಳಿ ತಣ್ಣಗಿದೆಯೋ, ನಮಗೆ ಬೇಡ. ಮಗು ಮಲಗಿತು, ಕೆಲಸ ಮುಗಿಯಿತು. ನೀನು ಹೂಂ ಎಂದರೆ ಆ ಕಂಪನಿಯಲ್ಲೇ ಮಾಡಿಸುತ್ತೇನೆ.

ಶಿವಾನಿಗೆ ಸ್ವಲ್ಪ ಶೀತ. ಅದಕ್ಕೇ ಫೋನಿಗೆ ಬರುತ್ತಿಲ್ಲ. ಅಭಿರಾಮ್ ವಿಮಾನದಲ್ಲಿ ಕಿಟಕಿ ಸೀಟು ತನಗೇ ಎಂದು ಸ್ಕೂಲಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ.

ನಿನ್ನ
ಅಪ್ಪ


ಹ್ಯಾಮಿಲ್ಟನ್
೧೬ ಫೆಬ್ರವರಿ ೨೦೨೫

ಅಪ್ಪನಿಗೆ ನಮಸ್ಕಾರಗಳು.

ಒಂದು ಪ್ರಶ್ನೆ. ಆ ಕೊಲ್ಲಿ ದಾರಿಯ ವಿಮಾನ ಬೆಂಗಳೂರಿಗೆ ಇಳಿಯುವುದು ಎಷ್ಟು ಹೊತ್ತಿಗೆ? ನಾನು ನೋಡಿದೆ. ನಸುಕಿನ ಮೂರು ಗಂಟೆಗೆ. ನಸುಕಿನ ಮೂರಕ್ಕೆ ಮಕ್ಕಳು ಮಲಗದೆ ಏನು ಮಾಡುತ್ತವೆ ಅಪ್ಪ? ದೊಡ್ಡಮುನಿಯಪ್ಪನೇ ಆ ಹೊತ್ತಿಗೆ ಬೋರ್ಡು ಹಿಡಿದುಕೊಂಡು ನಿಂತಲ್ಲೇ ಮಲಗಿರುತ್ತಾನೆ. ಸಿಂಗಾಪುರದ್ದು ಇಳಿಯುವುದು ಸಂಜೆ, ಅದಕ್ಕೇ ಅವು ಕುಣಿದವು.

ನೀವು ನೋಡಿದ್ದೆಲ್ಲ ಬೆಂಗಳೂರಿಗೆ ಬರುವ ಮಕ್ಕಳು. ನನ್ನ ಮಕ್ಕಳು ಬೆಂಗಳೂರಿನಿಂದ ಹೊರಡುವವರು. ಹೊತ್ತು ಬೇರೆ, ಕಾಯುವುದು ಬೇರೆ, ಎಷ್ಟೋ ಸಲ ವಿಮಾನವೇ ಬೇರೆ. ನಾನಿರುವುದು ಪೂರ್ವಕ್ಕೆ, ನೀವು ಪಶ್ಚಿಮಕ್ಕೆ ಕಳಿಸಿ ಅರ್ಧ ಭೂಮಿ ಸುತ್ತಿಸುತ್ತಿದ್ದೀರಿ. ಹೆಬ್ಬಾಳಕ್ಕೆ ಹೋಗುವವರನ್ನು ದೊಡ್ಡಬಳ್ಳಾಪುರದ ಮೇಲೆ ಕಳಿಸುತ್ತೀರಾ ನೀವು?

ಸಿಟ್ಟಿನಲ್ಲಿ ಬರೆಯಬಾರದು ಎಂದುಕೊಂಡೇ ಕೂತೆ. ಆದರೂ ಕೇಳಿಬಿಡುತ್ತೇನೆ. ಒಂದು ಬಾಡಿಗೆಯನ್ನು ಎರಡು ನಿಮಿಷದಲ್ಲಿ ಮುಗಿಸುವ ಮನುಷ್ಯ ನೀವು. ಈ ಒಂದು ಟಿಕೆಟ್ಟಿಗೆ ತಿಂಗಳು ದಾಟಿತು. ಶಿವಾನಿ ಒಮ್ಮೆ ನಿದ್ದೆ, ಒಮ್ಮೆ ಶೀತ. ಮಕ್ಕಳನ್ನು ಕಳಿಸಲು ನಿಮಗೆ ಮನಸ್ಸಿಲ್ಲ ಎಂದಿದ್ದರೆ ನೇರವಾಗಿ ಹೇಳಿ. ಕಂಪನಿಯ ನೆಪ ಬೇಡ.

ಮಂಜುಶ್ರೀ


ಹ್ಯಾಮಿಲ್ಟನ್
೯ ಮಾರ್ಚ್ ೨೦೨೫

ಅಪ್ಪನಿಗೆ ನಮಸ್ಕಾರಗಳು.

ನೀವು ಉತ್ತರ ಬರೆಯಲಿಲ್ಲ. ಫೋನಿನಲ್ಲಿ “ಊಟ ಆಯ್ತಾ” ಎಂದು ಕೇಳಿ ಅಭಿರಾಮನ ಕೈಗೆ ಕೊಟ್ಟುಬಿಡುತ್ತೀರಿ. ಹೋದ ಪತ್ರದ ಕೊನೆಯ ಮಾತು ತಪ್ಪು. ವಾಪಸ್ ತೆಗೆದುಕೊಳ್ಳುತ್ತೇನೆ.

ನಿಮ್ಮ ಉಪಾಯವನ್ನು ಮಾತ್ರ ಬಿಡಲಿಲ್ಲ. ನೋಡುವ ಬಾಗಿಲು ತಪ್ಪಾಗಿತ್ತು, ಅಷ್ಟೆ. ಮೊನ್ನೆ ರಜೆಯಲ್ಲಿ ಬಸ್ ಹತ್ತಿ ಆಕ್ಲೆಂಡ್ ಏರ್‌ಪೋರ್ಟಿಗೆ ಹೋದೆ. ಹೊರಗೆ ಬರುವ ಬಾಗಿಲ ಮುಂದೆ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೆ, ನಿಮ್ಮ ಡ್ರೈವರ್‌ಗಳ ಹಾಗೆ. ನಮ್ಮ ಕಡೆಯವರು ಕಂಡರೆ ಹೋಗಿ ಕೇಳಿದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ; ಮಕ್ಕಳ ಜೊತೆ ಅಷ್ಟು ದೂರ ಬಂದವರಿಗೆ ಹೇಳಿಕೊಳ್ಳಲು ಒಬ್ಬರು ಬೇಕೇ ಬೇಕು. ಮೂರು, ಮೂರು, ಮೂರರ ಸಾಲಿನ ವಿಮಾನ ಬರುವುದು ಕ್ವಾಲಾಲಂಪುರದಿಂದ. ರಾತ್ರಿ ಹೊರಡುತ್ತದೆ, ಮಕ್ಕಳ ಊಟ ಮೊದಲು ಕೊಡುತ್ತಾರೆ. ಅದೇ ಸರಿ ಅನ್ನಿಸಿತು.

ಅದೇ ವಿಮಾನದಿಂದ ಒಬ್ಬ ಅಜ್ಜಿ ಇಳಿದರು, ಕಂಕುಳಲ್ಲಿ ಮೂರು ವರ್ಷದ ಹುಡುಗ. ಅವನ ತಾಯಿ ನನ್ನ ಪಕ್ಕದಲ್ಲೇ ಬಲೂನು ಹಿಡಿದುಕೊಂಡು ನಿಂತಿದ್ದಳು. ಓಡಿ ಹೋಗಿ ಕೈ ಚಾಚಿದಳು. ಹುಡುಗ ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡ. ಅವಳು ನಕ್ಕಳು. ಮತ್ತೆ ಕರೆದಳು, ಮತ್ತೆ ನಕ್ಕಳು. ಆಮೇಲೆ ಬಲೂನಿನ ದಾರ ಬಿಡಿಸುವವಳ ಹಾಗೆ ಗೋಡೆಯ ಕಡೆ ತಿರುಗಿ ನಿಂತಳು.

ಅವರನ್ನು ಮಾತ್ರ ನಾನು ಏನೂ ಕೇಳಲಿಲ್ಲ.

ಅಪ್ಪ, ಶಿವಾನಿಗೆ ನಾನು ಯಾರು ಎಂದು ಗೊತ್ತಿದೆಯಾ?

ಮಂಜು


ಯಲಹಂಕ
೧೩ ಮಾರ್ಚ್ ೨೦೨೫

ಮಗಳೇ,

ನಿನ್ನ ಪತ್ರವನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ಕೇಳಿ, ಒಲೆ ಆರಿಸಿ ಬಂದು ಕೂತಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನನ್ನದೇನೂ ಸೇರಿಸುವುದಿಲ್ಲ.

“ಎರಡು ತಿಂಗ್ಳಿಂದ ಸೀಟು ನೋಡಿದ್ರಿ, ಊಟ ನೋಡಿದ್ರಿ, ದಾರಿ ನೋಡಿದ್ರಿ. ಮಗು ಯಾರ ತೊಡೆ ಮೇಲೆ ಕೂತ್ಕೊಳುತ್ತೆ ಅಂತ ನೋಡಿದ್ರಾ?”

“ಅವರಮ್ಮನ ತೊಡೆ ಮೇಲೆ.”

“ಅವರಮ್ಮ ಯಾರು ಅಂತ ಮಗೂನ ಕೇಳಿದ್ರಾ?”

ಕೇಳಬೇಕಾಗಿಲ್ಲ, ನನಗೆ ಗೊತ್ತಿತ್ತು. ನೀನು ಹೊರಟಾಗ ಅವಳಿಗಿನ್ನೂ ಅಂಬೆಗಾಲು. ಮಾತು ಕಲಿತಿದ್ದು ಮನೆ ಮುಂದಿನ ಈ ಆಫೀಸಿನಲ್ಲಿ. ಇಲ್ಲಿ ಬೆಳಗಾದರೆ ಡ್ರೈವರ್‌ಗಳೆಲ್ಲ ನಿಮ್ಮಮ್ಮನನ್ನು “ಅಮ್ಮಾ, ಕಾಫಿ”, “ಅಮ್ಮಾ, ಬೀಗದ ಕೈ” ಎಂದು ಕೂಗುತ್ತಾರೆ. ಮಗುವೂ ಅವಳನ್ನೇ ಅಮ್ಮ ಎಂದಿತು. ನಿನ್ನನ್ನು ನಾವು ಕರೆಯುವ ಹಾಗೆ “ಮಂಜು” ಎನ್ನುತ್ತದೆ. ಯುಗಾದಿ ಹೊತ್ತಿಗೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಈಗ ಫೋನ್ ಎತ್ತಿದರೆ ಮೇಜಿನ ಕೆಳಗೆ ಹೋಗಿ ಕೂರುತ್ತಾಳೆ. ಶೀತವೂ ಇಲ್ಲ, ನಿದ್ದೆಯೂ ಇಲ್ಲ. ನೀನು ಅಲ್ಲಿ ಒಬ್ಬಳೇ ಅಳುತ್ತೀಯ ಎಂದು ಹೇಳಲಿಲ್ಲ. ಅವಳು ಮಲಗಿಬಿಡುವಂಥ ಒಂದು ವಿಮಾನ ಸಿಕ್ಕಿದರೆ, ಏಳುವ ಹೊತ್ತಿಗೆ ನಿಮ್ಮ ಮನೆಯಲ್ಲಿರುತ್ತಾಳೆ ಎಂದು ನಾನು ಹುಡುಕುತ್ತಿದ್ದೆ.

ಹಾಗೆ ಹೇಳಿದ್ದಕ್ಕೆ ನಿಮ್ಮಮ್ಮ, “ಮಗೂನ ಪಾರ್ಸಲ್ ಮಾಡ್ತೀರಾ?” ಎಂದಳು.

ಆಮೇಲೆ ನನಗೆ ಹೊಳೆದಿದ್ದು ಹೇಳುತ್ತೇನೆ. ಶಿರಡಿಗೆ ಗಾಡಿ ಕಳಿಸುವಾಗ ಇಬ್ಬರು ಡ್ರೈವರ್‌ಗಳನ್ನು ಹಾಕುತ್ತೇನೆ. ಎರಡನೆಯವನಿಗೆ ದಾರಿಯಲ್ಲಿ ಎಬ್ಬಿಸಿ ಸ್ಟೇರಿಂಗ್ ಕೊಡುವುದಿಲ್ಲ. ಮೊದಲು ಪಕ್ಕದಲ್ಲಿ ಕೂತು ಬರಬೇಕು; ಬ್ರೇಕ್ ಎಷ್ಟು ಒತ್ತಿದರೆ ಹಿಡಿಯುತ್ತದೆ, ಎಲ್ಲಿ ಎಳೆಯುತ್ತದೆ ಎಂದು ನೋಡಬೇಕು. ಆಮೇಲೆ ಸ್ಟೇರಿಂಗ್ ಅವನಿಗೆ. ಆಗ ಹಳಬ ಪಕ್ಕದಲ್ಲೇ ಇರುತ್ತಾನೆ, ಆದರೆ ಬಾಯಿ ಬಿಡುವಂತಿಲ್ಲ. ಕೊನೆಗೆ ಎದ್ದು ಹಿಂದೆ ಹೋಗುತ್ತಾನೆ.

ನೀನು ಇಲ್ಲಿಗೆ ಬರಬೇಡ. ನಿನ್ನ ರಜೆಯಲ್ಲಿ ಅರ್ಧ ಬಂದು ಹೋಗುವುದಕ್ಕೇ ಮುಗಿಯುತ್ತದೆ. ಇರುವ ಮೂರು ದಿನವೂ ಈ ಮನೆಯಲ್ಲಿ ಅವಳಿಗೆ ಓಡಿ ಬಚ್ಚಿಟ್ಟುಕೊಳ್ಳಲು ಹತ್ತು ಜಾಗ, ಎತ್ತಿಕೊಳ್ಳಲು ಹತ್ತು ಜನ. ನಾವು ಮಕ್ಕಳನ್ನು ಕ್ವಾಲಾಲಂಪುರಕ್ಕೆ ತರುತ್ತೇವೆ. ನಾಲ್ಕೇ ಗಂಟೆಯ ದಾರಿ, ನಮ್ಮವರಿಗೆ ಅಲ್ಲಿ ವೀಸಾ ಬೇಡ. ನೀನು ಆ ಕಡೆಯಿಂದ ಬಾ. ಅಲ್ಲಿ ಅಡುಗೆಮನೆ ಇರುವ ಒಂದು ಕೋಣೆ ಹಿಡಿಯೋಣ, ನಿನ್ನ ರಜೆ ಇರುವಷ್ಟು ದಿನ. ಸ್ನಾನ, ಊಟ, ಜಡೆ ಎಲ್ಲ ನಿನ್ನದು. ನಿಮ್ಮಮ್ಮ ಕುರ್ಚಿಯಲ್ಲಿ ಸುಮ್ಮನೆ ಕೂತಿರಬೇಕು. ಅವಳನ್ನು ಕುರ್ಚಿಯಲ್ಲಿ ಹಿಡಿದು ಕೂರಿಸುವುದು ನನ್ನ ಕೆಲಸ. ಈ ಎಲ್ಲ ಕೆಲಸದಲ್ಲಿ ಕಷ್ಟದ್ದು ಅದೇ.

“ಗಾಡಿಗೂ ಮಗೂಗೂ ಹೋಲಿಕೆ ಮಾಡ್ತಾರಲ್ಲ, ಇವ್ರಿಗೆ ಏನ್ ಹೇಳೋದು” ಎಂದಳು ನಿಮ್ಮಮ್ಮ. ಎಂದವಳು ಎದ್ದು ಹೋಗಿ ಅಟ್ಟದ ಮೇಲಿದ್ದ ಸೂಟ್‌ಕೇಸ್ ಇಳಿಸಿದಳು.

ಕಳಿಸಲು ಮನಸ್ಸಿಲ್ಲವೇ ಎಂದು ಕೇಳಿದ್ದೆಯಲ್ಲ. ನನಗೆ ಇಲ್ಲ. ಆದರೂ ಕಳಿಸಬೇಕು.

ಅಪ್ಪ


ಹ್ಯಾಮಿಲ್ಟನ್
೧೬ ಮಾರ್ಚ್ ೨೦೨೫

ಅಪ್ಪ, ಅಮ್ಮ ಇಬ್ಬರಿಗೂ,

ಯಶವಂತ್ ನಿಮ್ಮ ಪತ್ರ ಓದಿ, “ಮಾವ ಇಲ್ಲಿದ್ದಿದ್ರೆ ನಮ್ಮ ಬಸ್ ಕಂಪನಿಯವರು ಟ್ರೇನಿಂಗ್‌ಗೆ ಅವರನ್ನೇ ಇಟ್ಕೊಳ್ಳೋರು” ಎಂದರು. ಟಿಕೆಟ್ ಮಾಡಿದ್ದೇನೆ. ನಿಮ್ಮದು, ನನ್ನದು, ಮಕ್ಕಳದು. ಕ್ವಾಲಾಲಂಪುರದಿಂದ ಮೂರು ಸೀಟಿನ ಸಾಲು ಸಿಕ್ಕಿದೆ, ಕೈ ಪಟ್ಟಿ ಮೇಲೇಳುವಂಥದ್ದು. ಅಭಿರಾಮನಿಗೆ ಕಿಟಕಿ.

ಅಮ್ಮ, ನನಗೆ ಸಿಟ್ಟಿಲ್ಲ. ಮಗು ಅಮ್ಮ ಎಂದು ಕರೆಯಲು ಒಬ್ಬರು ಇದ್ದರಲ್ಲ, ಅದಕ್ಕೆ ಈ ಮೂರು ದಿನದಲ್ಲಿ ನಾನು ಎಷ್ಟು ಸಲ ದೇವರಿಗೆ ಕೈ ಮುಗಿದಿದ್ದೇನೋ. ಅವಳಿಗೆ ಅನ್ನಕ್ಕೆ ಏನು ಕಲಸುತ್ತೀಯ, ಮಲಗಿಸುವಾಗ ಬೆನ್ನು ತಟ್ಟುತ್ತೀಯೋ ಕಾಲು ಒತ್ತುತ್ತೀಯೋ, ಎಲ್ಲ ಬರೆಸಿ ಕಳಿಸು.

ನಾನು ಐಸಿಯುನಲ್ಲಿ ಕೆಲಸ ಮಾಡುವವಳು. ಔಷಧಿಯ ಲೆಕ್ಕ ಎರಡು ಸಲ ನೋಡಿದರೆ ನನಗೆ ಸಾಕು. ಟಿಕೆಟ್ಟಿನ ಗುಂಡಿ ಒತ್ತುವ ಮುಂಚೆ ಹೆಸರು, ತಾರೀಖು ಐದು ಸಲ ಓದಿದೆ. ಅವಳು ದಾರಿಯುದ್ದಕ್ಕೂ ನಿನಗಾಗಿ ಅತ್ತರೆ?

ಮಂಜು


ಕ್ವಾಲಾಲಂಪುರ ಏರ್‌ಪೋರ್ಟ್
೧೯ ಏಪ್ರಿಲ್ ೨೦೨೫

ಚಿ. ಸೌ. ಮಂಜುಶ್ರೀಗೆ,

ನಿಮ್ಮ ವಿಮಾನ ಹಾರಿತು ಎಂದು ಬೋರ್ಡಿನಲ್ಲಿ ಬಂತು. ನಮ್ಮದಕ್ಕೆ ಇನ್ನೂ ಹೊತ್ತಿದೆ. ಲೆಟರ್‌ಹೆಡ್ ತರಲಿಲ್ಲ, ಕಾಫಿ ಅಂಗಡಿಯವನ ಕಾಗದದ ಮೇಲೆ ಬರೆಯುತ್ತಿದ್ದೇನೆ.

ಬಾಗಿಲ ಹತ್ತಿರ ಆದದ್ದು ನಿನಗೆ ಪೂರ್ತಿ ಕಂಡಿರಲಿಕ್ಕಿಲ್ಲ, ನೀನು ಪಾಸ್‌ಪೋರ್ಟ್ ತೋರಿಸುತ್ತಿದ್ದೆ. ಮಗುವನ್ನು ಆಟಕ್ಕೆ ಬಿಟ್ಟು ನಾವು ಸದ್ದಿಲ್ಲದೆ ಹಿಂದೆ ಸರಿಯೋಣ ಎಂದಿದ್ದೆ. ನಿಮ್ಮಮ್ಮ ಕೇಳಲಿಲ್ಲ. ಮಂಡಿಯೂರಿ ಕೂತು ಅವಳಿಗೆ ಹೇಳಿದಳು: “ನೋಡು ಕಂದ, ನಾನು ಯಲಹಂಕಕ್ಕೆ ಹೋಗ್ತೀನಿ. ನೀನು ಇವಳ ಜೊತೆ ಹೋಗ್ತೀಯ. ನಾನು ಆಮೇಲೆ ಬರ್ತೀನಿ.” ಶಿವಾನಿ ನಿಮ್ಮಮ್ಮನ ಮುಖವನ್ನೇ ನೋಡಿದಳು. ಆಮೇಲೆ ಅವಳೇ ನಿಮ್ಮಮ್ಮನಿಗೆ, “ಚಪ್ಪಲಿ ಹಾಕ್ಕೊ, ಹೋಗು” ಎಂದಳು. ನೀನು ಎತ್ತಿಕೊಂಡು ಒಳಗೆ ಹೋದಮೇಲೆ ಅತ್ತಿದ್ದು ಇಲ್ಲಿಗೆ ಕೇಳಿಸಿತು.

ಇಷ್ಟು ದಿನ ಆ ಕೋಣೆಯಲ್ಲಿ ನಿಮ್ಮಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಮೊದಲ ದಿನ ನೀನು ತಲೆಗೆ ನೀರು ಹಾಕುವಾಗ ಮಗು ಕಿರುಚಿದ್ದಕ್ಕೆ ಇವಳು ನನ್ನ ಮೊಣಕೈ ಹಿಡಿದುಕೊಂಡಿದ್ದು ಇನ್ನೂ ನೀಲಿಯಾಗಿದೆ. ಮೂರನೆಯ ದಿನ ಮಗು ತಾನಾಗಿ ಬಾಚಣಿಗೆ ತಂದು ನಿನಗೆ ಬೆನ್ನು ಮಾಡಿ ಕೂತಿತಲ್ಲ, ಆಗ ಮಾತ್ರ ಇವಳು ಎದ್ದು ಏನೋ ಹುಡುಕುವವಳ ಹಾಗೆ ಬಾಲ್ಕನಿಗೆ ಹೋದಳು.

ಈಗ ಇಲ್ಲಿ ಪಕ್ಕದಲ್ಲಿ ಕೂತಿದ್ದಾಳೆ. ಕಾಫಿ ಚೆನ್ನಾಗಿಲ್ಲವಂತೆ. ಅರ್ಧ ಕುಡಿದು ನನಗೆ ಕೊಟ್ಟಳು, ಮತ್ತೆ ವಾಪಸ್ ಕಿತ್ತುಕೊಂಡಳು. ನಿಮ್ಮ ಊರಿಗೆ ಬರುವ ವೀಸಾಕ್ಕೆ ಏನೇನು ಬೇಕು ಎಂದು ಆಗಲೇ ಎರಡು ಸಲ ಕೇಳಿದಳು.

ಇಳಿದ ತಕ್ಷಣ ಬರೆ. ಎಷ್ಟು ಹೊತ್ತು ಅತ್ತಳು, ಯಾರಿಗಾಗಿ ಅತ್ತಳು, ಇದ್ದದ್ದು ಇದ್ದ ಹಾಗೆ ಬರೆ. ಶೀತ, ನಿದ್ದೆ ಎನ್ನಬೇಡ.

ಅಪ್ಪ


ಹ್ಯಾಮಿಲ್ಟನ್
೨೧ ಏಪ್ರಿಲ್ ೨೦೨೫

ಅಪ್ಪ, ಅಮ್ಮ ಇಬ್ಬರಿಗೂ ನಮಸ್ಕಾರಗಳು.

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ವಿಮಾನ ಮೇಲೇರುವತನಕ ಅತ್ತಳು. ಬೆಲ್ಟು ಬೇಡ ಎಂದು ಅತ್ತಳು, ಅಮ್ಮ ಬೇಕು ಎಂದು ಅತ್ತಳು. ಆ ಅಮ್ಮ ನಾನಲ್ಲ. ಅವಳ ಕಾಲು ಒತ್ತುತ್ತ ಕೂತೆ. ಮುಂದಿನ ಸಾಲಿನವರು ಎರಡು ಸಲ ತಿರುಗಿ ನೋಡಿದರು. ಅಭಿರಾಮ್ ಅವರಿಗೆ, “ಅವಳು ಚಿಕ್ಕೋಳು ಅಂಕಲ್, ನೀವು ಟಿವಿ ನೋಡಿ” ಎಂದ. ಕನ್ನಡದಲ್ಲೇ.

ಊಟ ಬಂತು. ಮೊಸರನ್ನ ಕಟ್ಟಿ ತಂದಿದ್ದು ಒಳ್ಳೆಯದಾಯಿತು, ಅವರು ಕೊಟ್ಟ ಮಕ್ಕಳ ಊಟದಲ್ಲಿ ಚಾಕೊಲೇಟ್ ಬಿಟ್ಟು ಏನನ್ನೂ ಮುಟ್ಟಲಿಲ್ಲ. ತಿಂದು ಮಲಗಿದಳು. ತಲೆ ಅಣ್ಣನ ತೊಡೆಯ ಮೇಲೆ, ಕಾಲು ನನ್ನ ಹೊಟ್ಟೆಗೆ. ನನ್ನ ನಕ್ಷೆ ತಲೆಕೆಳಗಾಯಿತು. ಒದೆಸಿಕೊಂಡೇ ಕೂತಿದ್ದೆ, ಅಲ್ಲಾಡಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಎದ್ದಳು. ಸುತ್ತ ನೋಡಿದಳು. ನೀವಿಬ್ಬರೂ ಇಲ್ಲ ಎಂದು ಗೊತ್ತಾಯಿತು ಅನ್ನಿಸುತ್ತದೆ, ಆದರೆ ಅಳಲಿಲ್ಲ. “ಮಂಜು, ನೀರು” ಎಂದಳು. ಹೆಸರು ಹಿಡಿದೇ ಕರೆಯುತ್ತಾಳೆ, ಇಲ್ಲಿ ಯಶವಂತ್ ಕೇಳಿ ಕೇಳಿ ನಗುತ್ತಿದ್ದಾರೆ. ಅದಕ್ಕೇನೂ ಅವಸರವಿಲ್ಲ.

ಆಮೇಲೆ ನನಗೆ ಟಾಯ್ಲೆಟ್ಟಿಗೆ ಹೋಗಲೇಬೇಕಾಯಿತು. ರಾತ್ರಿಯಿಂದ ತಡೆದುಕೊಂಡಿದ್ದೆ. ಏರ್‌ಹೋಸ್ಟೆಸ್ ಒಳ್ಳೆಯ ಹುಡುಗಿ, ನನ್ನ ಅವಸ್ಥೆ ನೋಡಿ ತಾನೇ ಬಂದು, ಮಗುವನ್ನು ಎರಡು ನಿಮಿಷ ನಾನು ಎತ್ತಿಕೊಳ್ಳುತ್ತೇನೆ ಎಂದು ಕೈ ಚಾಚಿದಳು. ಶಿವಾನಿ ಅವಳನ್ನು ನೋಡಿದಳು. ನನ್ನನ್ನು ನೋಡಿದಳು. ಎರಡೂ ಕೈಯಿಂದ ನನ್ನ ಕುತ್ತಿಗೆ ಬಿಗಿಯಾಗಿ ಹಿಡಿದುಕೊಂಡು, ಇಡೀ ವಿಮಾನಕ್ಕೆ ಕೇಳುವ ಹಾಗೆ ಅತ್ತಳು. ಆ ಹುಡುಗಿ ಪಾಪ, ಸಾರಿ ಸಾರಿ ಎನ್ನುತ್ತ ಹಿಂದೆ ಹೋದಳು.

ಕೊನೆಗೆ ಅವಳನ್ನು ಎತ್ತಿಕೊಂಡೇ ಒಳಗೆ ಹೋದೆ. ನಿಮ್ಮ ಟೆಂಪೊ ಟ್ರಾವೆಲರಿನ ಡಿಕ್ಕಿಗಿಂತ ಚಿಕ್ಕದು ಅದು. ಚಿಲಕ ಹಾಕಲು ಕೈ ಹಿಂದಕ್ಕೆ ಹೋಗಲಿಲ್ಲ, ಹೊರಗಿನಿಂದ ಅಭಿರಾಮ್ ಬಾಗಿಲು ಒತ್ತಿ ಹಿಡಿದ. ಇವಳು ಕುತ್ತಿಗೆ ಬಿಡಲಿಲ್ಲ. ಸಾಲಿನಲ್ಲಿ ನಿಂತವರು ಬಾಗಿಲು ತಟ್ಟಿದರು, ಮತ್ತೆ ತಟ್ಟಿದರು. ನನ್ನ ಕೆಲಸ ಆಗಲೇ ಮುಗಿದಿತ್ತು ಅಪ್ಪ. ಆದರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.

ನಿಮ್ಮ
ಮಂಜು